ನಗೆನಾಟಕ, ಬೆಳದಿಂಗಳು ಮತ್ತು ಒಂದು ಬಾಗಿಲು

ದೀಪಾವಳಿ ಕಳೆದು ಚಳಿ ಕಾಲಿಡುತ್ತಿದ್ದಂತೆ ನಮ್ಮ ಶಾಲೆಗಳಲ್ಲಿ ವಾರ್ಷಿಕೋತ್ಸವದ ಗದ್ದಲ ಶುರುವಾಗುತ್ತದೆ. ಎಂಟನೇ ತರಗತಿಯ ಸಣಕಲ ಹುಡುಗನೊಬ್ಬ ಭೀಮನಾಗುತ್ತಾನೆ. ಕನ್ನಡ ಪಂಡಿತರು ನಿರ್ದೇಶಕರಾಗುತ್ತಾರೆ. ವಿಜ್ಞಾನದ ಮೇಷ್ಟ್ರ ಪಾಲಿಗೆ ಬೆಳಕಿನ ವ್ಯವಸ್ಥೆ ಬರುತ್ತದೆ. ‘ನೀವು ಫಿಸಿಕ್ಸ್ ಓದಿದವರಲ್ಲವೆ ಸಾರ್, ಲೈಟಿಂಗ್ ನೀವೇ ನೋಡಿಕೊಂಡುಬಿಡಿ’ ಎನ್ನುವುದು ಮುಖ್ಯೋಪಾಧ್ಯಾಯರ ತರ್ಕ. ಓಮನ ನಿಯಮ ಗೊತ್ತಿದ್ದವನಿಗೆಲ್ಲ ಫ್ಯೂಸ್ ಕಟ್ಟಲು ಬರಬೇಕೆಂದೇನೂ ಇಲ್ಲ. ಆದರೂ ಇಷ್ಟು ವರ್ಷ ಆ ಕೆಲಸ ಮಾಡಿಕೊಂಡು ಬಂದಿದ್ದೇನೆ. ಹಾಗಾಗಿ ಈ ವಾರ ನಾಟಕದ ಬೆಳಕಿನ ಕಥೆಯನ್ನೇ ಹೇಳೋಣವೆಂದಿದ್ದೇನೆ. ಕಥೆ ನಗುವಿನಿಂದ ಶುರುವಾಗುತ್ತದೆ. ಕೊನೆಯವರೆಗೂ ಹಾಗೇ ಇರುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಯೂರೋಪಿನಲ್ಲಿ ‘ಅಪೆರೆಟ’ ಎಂಬ ಒಂದು ಬಗೆಯ ನಾಟಕವಿದೆ. ಆಪೆರ ಸಾಮಾನ್ಯವಾಗಿ ಗಂಭೀರ, ಮೊದಲಿನಿಂದ ಕೊನೆಯವರೆಗೆ ಬಹುಮಟ್ಟಿಗೆ ಹಾಡೇ. ಅಪೆರೆಟದಲ್ಲಿ ಹಾಡಿನ ನಡುವೆ ಮಾತು, ಕುಣಿತ, ಕೀಟಲೆ, ದೊಡ್ಡವರನ್ನು ಚುಚ್ಚುವ ಹಾಸ್ಯ ಎಲ್ಲವೂ ಉಂಟು. ನಮ್ಮ ಕಂಪನಿ ನಾಟಕಗಳನ್ನು ರಾತ್ರಿಯೆಲ್ಲ ಕುಳಿತು ನೋಡಿದ ಹಿರಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಲಂಡನ್ನಿನಲ್ಲಿ ಗಿಲ್ಬರ್ಟ್ ಮಾತು ಬರೆದು, ಸಲಿವನ್ ಸಂಗೀತ ಹೊಂದಿಸಿದ ಇಂಥ ನಾಟಕಗಳಿಗೆ ಜನ ಮುಗಿಬೀಳುತ್ತಿದ್ದರು. ಅವನ್ನು ಆಡಿಸಲೆಂದೇ ಡಾಯ್ಲಿ ಕಾರ್ಟ್ ಎಂಬಾತ ಸವಾಯ್ ಎಂಬ ರಂಗಮಂದಿರ ಕಟ್ಟಿಸಿದ. 1881ರ ಅಕ್ಟೋಬರ್ 10ರಂದು ‘ಪೇಷನ್ಸ್’ ಎಂಬ ನಗೆನಾಟಕದೊಂದಿಗೆ ಅದರ ಬಾಗಿಲು ತೆರೆಯಿತು.

ಅಲ್ಲಿಯವರೆಗೆ ನಗರದ ರಂಗಮಂದಿರಗಳನ್ನು ಬೆಳಗುತ್ತಿದ್ದುದು ಗ್ಯಾಸು. ನೂರಾರು ಬರಿಯ ಜ್ವಾಲೆಗಳು. ಅವುಗಳ ಪಕ್ಕದಲ್ಲೇ ಬಣ್ಣ ಬಳಿದ ಬಟ್ಟೆಯ ಪರದೆಗಳು, ಮರದ ಚೌಕಟ್ಟುಗಳು, ನರ್ತಕಿಯರ ತೆಳ್ಳನೆಯ ಲಂಗಗಳು! ಮೇಲಿನ ಅಂತಸ್ತಿನಲ್ಲಿ ಕುಳಿತ ಅಗ್ಗದ ಟಿಕೆಟ್ಟಿನವರಿಗೆ ಶಾಖ ಮತ್ತು ಕೆಟ್ಟ ಗಾಳಿ ಬೇರೆ. ನಾಯಕನ ಮುಖ ಎದ್ದುಕಾಣಬೇಕಾದಾಗ ಸುಣ್ಣದ ತುಂಡೊಂದನ್ನು ಜಲಜನಕ–ಆಮ್ಲಜನಕದ ಜ್ವಾಲೆಯಲ್ಲಿ ಕಾಯಿಸುತ್ತಿದ್ದರು. ಸುಣ್ಣ ಕರಗದೆ, ಬೆಳ್ಳಗೆ ಉರಿಯುವಂತೆ ಹೊಳೆಯುತ್ತಿತ್ತು. ಇದೇ ‘ಲೈಮ್‌ಲೈಟ್’. ಪತ್ರಿಕೆಗಳಲ್ಲಿ ನೀವು ಓದುವ ಆ ಮಾತು ಹುಟ್ಟಿದ್ದು ನಮ್ಮ ಎಲೆಯಡಿಕೆಯ ಸುಣ್ಣದ ಹತ್ತಿರದ ಸಂಬಂಧಿಯಿಂದ.

ಕಾರ್ಟ್ ಸವಾಯ್‌ನಲ್ಲಿ ಗ್ಯಾಸಿನ ಬದಲು ಸ್ವಾನ್ ಎಂಬ ವಿಜ್ಞಾನಿಯ ವಿದ್ಯುದ್ದೀಪಗಳನ್ನು ಹಾಕಿಸಿದ, ಸುಮಾರು 1,200 ದೀಪಗಳು. ಪಕ್ಕದ ಖಾಲಿ ಜಾಗದಲ್ಲಿ ಉಗಿಯಂತ್ರಗಳು ಡೈನಮೊ ತಿರುಗಿಸುತ್ತಿದ್ದವು. ಮೊದಲಿಗೆ ಶಕ್ತಿ ಸಾಲದೆ ಪ್ರೇಕ್ಷಕರ ಭಾಗಕ್ಕೆ ಮಾತ್ರ ವಿದ್ಯುತ್ತು. ರಂಗಕ್ಕೆ ಅದು ಬಂದದ್ದು ಡಿಸೆಂಬರ್ 28ರಂದು. ಅಂದು ಕಾರ್ಟ್ ತಾನೇ ವೇದಿಕೆಗೆ ಬಂದು, ಉರಿಯುತ್ತಿದ್ದ ಬಲ್ಬೊಂದಕ್ಕೆ ತೆಳು ಮಸ್ಲಿನ್ ಬಟ್ಟೆ ಸುತ್ತಿ, ಎಲ್ಲರೆದುರು ಅದನ್ನು ಒಡೆದ. ದೀಪ ಆರಿತು. ಬಟ್ಟೆ ಸುಡಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಏಕೆ ಸುಡಲಿಲ್ಲ? ಪರೀಕ್ಷೆಯಲ್ಲಿ ಕೇಳಬಹುದಾದ ಪ್ರಶ್ನೆ ಇದು. ಬಲ್ಬಿನೊಳಗೆ ಗಾಳಿಯನ್ನು ಬಹುಮಟ್ಟಿಗೆ ತೆಗೆದಿರುತ್ತಾರೆ. ಒಳಗಿನ ಇಂಗಾಲದ ಎಳೆ ಸಾವಿರಾರು ಡಿಗ್ರಿ ಕಾದಿದ್ದರೂ ಆಮ್ಲಜನಕವಿಲ್ಲದೆ ಉರಿದುಹೋಗುವುದಿಲ್ಲ. ಗಾಜು ಒಡೆದೊಡನೆ ಗಾಳಿ ನುಗ್ಗಿ ಎಳೆ ಕ್ಷಣಾರ್ಧದಲ್ಲಿ ಉರಿದು ತುಂಡಾಗುತ್ತದೆ, ಪ್ರವಾಹ ನಿಲ್ಲುತ್ತದೆ. ಎಳೆಯ ಉಷ್ಣತೆ ಬಹಳ, ಆದರೆ ಅದರಲ್ಲಿರುವ ಉಷ್ಣದ ಮೊತ್ತ ಅತ್ಯಲ್ಪ. ಉಷ್ಣ ಬೇರೆ, ಉಷ್ಣತೆ ಬೇರೆ ಎಂದು ತರಗತಿಯಲ್ಲಿ ಗಂಟಲು ಹರಿಯುವಂತೆ ಹೇಳುವುದು ಇದಕ್ಕೇ. (ಮನೆಯಲ್ಲಿ ಯಾರೂ ಇದನ್ನು ಮಾಡಿ ನೋಡಬಾರದು. ಒಡೆದ ಗಾಜಿನ ಜೊತೆಗೆ 230 ವೋಲ್ಟ್ ಇರುತ್ತದೆ.)

ಕಾರ್ಟ್ ಈ ಪ್ರದರ್ಶನ ಮಾಡಿದ್ದು ಬರಿಯ ಜಾಹೀರಾತಿಗೆಂದು ನಾನು ಭಾವಿಸುವುದಿಲ್ಲ. ಅದಕ್ಕೆ ಇಪ್ಪತ್ತೇ ದಿನ ಮೊದಲು, ಡಿಸೆಂಬರ್ 8ರಂದು, ವಿಯನ್ನಾ ನಗರದ ರಿಂಗ್ ಥಿಯೇಟರ್ ಸುಟ್ಟುಹೋಗಿತ್ತು. ‘ಕಾಮಿಕ್ ಆಪೆರ’ ಎಂಬ ಹೆಸರಿನಲ್ಲೇ 1874ರಲ್ಲಿ ಶುರುವಾಗಿದ್ದ ಮಂದಿರ ಅದು. ರಂಗದ ಗ್ಯಾಸ್ ದೀಪಗಳಿಂದ ಬೆಂಕಿ ಹತ್ತಿತು. ಗ್ಯಾಸನ್ನು ನಿಲ್ಲಿಸಿದ್ದರಿಂದ ಕಟ್ಟಡವೆಲ್ಲ ಕತ್ತಲಾಯಿತು. ಬಾಗಿಲುಗಳು ಒಳಕ್ಕೆ ತೆರೆಯುವಂಥವು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 384. ಆಮೇಲೆ ಅಲ್ಲಿ ರಂಗಕ್ಕೂ ಪ್ರೇಕ್ಷಕರಿಗೂ ನಡುವೆ ಕಬ್ಬಿಣದ ಪರದೆ, ಹೊರಕ್ಕೆ ತೆರೆಯುವ ಬಾಗಿಲು ಎಂದೆಲ್ಲ ನಿಯಮಗಳು ಬಿಗಿಯಾದವು. 1905ರಲ್ಲಿ ಅದೇ ವಿಯನ್ನಾದಲ್ಲಿ ಲೆಹಾರ್‌ನ ‘ಮೆರಿ ವಿಡೊ’ ನೋಡಿ ಹೊಟ್ಟೆತುಂಬ ನಕ್ಕವರು ಆ ನಿಯಮಗಳ ಕಾವಲಿನಲ್ಲಿ ಕುಳಿತಿದ್ದವರು.

ಎಂದರೆ 1881ರ ಹೊತ್ತಿಗೇ ಎರಡು ಪಾಠ ಸಿಕ್ಕಿತ್ತು: ದೀಪದ ಪಾಠ ಲಂಡನ್ನಿನಲ್ಲಿ, ಬಾಗಿಲಿನ ಪಾಠ ವಿಯನ್ನಾದಲ್ಲಿ. ಈಗ 22 ವರ್ಷ ಮುಂದಕ್ಕೆ, ಅಮೆರಿಕದ ಶಿಕಾಗೋ ನಗರಕ್ಕೆ ಹೋಗೋಣ.

1903ರ ನವೆಂಬರ್ 23ರಂದು ಅಲ್ಲಿ ಇರಕ್ವಾಯ್ ಎಂಬ ಹೊಚ್ಚಹೊಸ ರಂಗಮಂದಿರ ತೆರೆಯಿತು. ಅಮೃತಶಿಲೆ, ಎತ್ತರದ ಮಾಳಿಗೆ, ಸುಮಾರು 1,600 ಆಸನ. ‘ಬೆಂಕಿಗೆ ಜಗ್ಗದ ಕಟ್ಟಡ’ ಎಂಬುದು ಅದರ ಜಾಹೀರಾತು. ಅಲ್ಲಿ ಆಡುತ್ತಿದ್ದುದು ‘ಮಿಸ್ಟರ್ ಬ್ಲೂಬಿಯರ್ಡ್’ ಎಂಬ ಹಾಡು–ಕುಣಿತದ ಭರ್ಜರಿ ನಗೆನಾಟಕ. ನೂರಾರು ನಟನಟಿಯರು, ಮೇಲಿಂದ ಇಳಿಬಿಡುವ ನೂರಾರು ಚಿತ್ರಪರದೆಗಳು, ತಂತಿಯಲ್ಲಿ ತೇಲಿ ಬರುವ ಕಿನ್ನರಿ. ಎಡ್ಡಿ ಫಾಯ್ ಎಂಬ ಹೆಸರಾಂತ ಹಾಸ್ಯನಟನಿಗೆ ಹೆಣ್ಣಿನ ಪಾತ್ರ. ಡಿಸೆಂಬರ್ 30, ಬುಧವಾರ, ಮ್ಯಾಟಿನಿ. ಕ್ರಿಸ್‌ಮಸ್ ರಜೆಯಾದ್ದರಿಂದ ಬಂದವರಲ್ಲಿ ಬಹುಮಂದಿ ತಾಯಂದಿರು ಮತ್ತು ಮಕ್ಕಳು. ಆಸನಗಳು ತುಂಬಿ, ಹಿಂದೆ ನಿಂತವರೂ ಬಹಳ. ಫಾಯ್ ತನ್ನ ಚಿಕ್ಕ ಮಗನಿಗೇ ಸೀಟು ಸಿಗದೆ, ಅವನನ್ನು ರಂಗದ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದ.

ಮಧ್ಯಾಹ್ನ ಮೂರೂಕಾಲರ ಸುಮಾರಿಗೆ, ಎರಡನೆಯ ಅಂಕದಲ್ಲಿ ಬೆಳದಿಂಗಳ ಹಾಡು. ರಂಗವೆಲ್ಲ ನೀಲಿ. ಆ ಬೆಳದಿಂಗಳನ್ನು ಚೆಲ್ಲುತ್ತಿದ್ದುದು ಪಕ್ಕದ ಎತ್ತರದ ಅಟ್ಟದ ಮೇಲಿದ್ದ ಆರ್ಕ್ ದೀಪ. ಇದೂ ವಿದ್ಯುತ್ತಿನದೇ, ಆದರೆ ಸ್ವಾನ್‌ನ ಬಲ್ಬಿನಂಥದಲ್ಲ. ಎರಡು ಇಂಗಾಲದ ಕಡ್ಡಿಗಳ ತುದಿಗಳ ನಡುವೆ ಬಯಲಿನಲ್ಲೇ ವಿದ್ಯುತ್ತು ಹಾರುತ್ತದೆ. ತುದಿಯ ಉಷ್ಣತೆ 3,500 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಹತ್ತಿಬಟ್ಟೆ ಹೊತ್ತಿಕೊಳ್ಳಲು ಸುಮಾರು 400 ಡಿಗ್ರಿ ಸಾಕು. ಗಾಜಿನ ಬುರುಡೆಯ ರಕ್ಷಣೆಯೂ ಇಲ್ಲ, ನಿರ್ವಾತವೂ ಇಲ್ಲ. ‘ಕರೆಂಟು ದೀಪ, ಭಯವಿಲ್ಲ’ ಎನ್ನುವವರು ಯಾವ ದೀಪ ಎಂದು ಕೇಳಬೇಕು. ಅಲ್ಲಿ ಕಿಡಿ ಹಾರಿ ಪಕ್ಕದ ಮಸ್ಲಿನ್ ಪರದೆಗೆ ತಗಲಿತು.

ಬಟ್ಟೆ ಬೇಗ ಹೊತ್ತದಂತೆ ಮಾಡುವ ಉಪಾಯ ಆಗ ಹೊಸದೇನಲ್ಲ. ಅನಿಲಗಳ ನಿಯಮದಲ್ಲಿ ನೀವು ಓದುವ ಗೇ–ಲುಸಾಕ್, 1821ರಷ್ಟು ಹಿಂದೆಯೇ ಫ್ರಾನ್ಸಿನ ರಂಗಮಂದಿರಗಳಿಗಾಗಿ ಅಮೋನಿಯಂ ಫಾಸ್ಫೇಟ್ ಮತ್ತು ಬಿಳಿಗಾರದ ದ್ರಾವಣಗಳನ್ನು ಪರೀಕ್ಷಿಸಿ ತೋರಿಸಿದ್ದ.

ಕಾವಲಿನ ಅಗ್ನಿಶಾಮಕನ ಬಳಿ ಇದ್ದದ್ದು ಎರಚುವ ಪುಡಿಯ ಡಬ್ಬಿಗಳು. ಬೆಂಕಿ ಕೈಗೆಟುಕದಷ್ಟು ಮೇಲಿತ್ತು. ಪುಡಿ ಕೆಳಗೆ ಬಿತ್ತು. ಕಲ್ನಾರಿನ ರಕ್ಷಣಾ ಪರದೆ ಇಳಿಸಲು ಹೋದರೆ ಅದು ಅರ್ಧಕ್ಕೇ ಸಿಕ್ಕಿಕೊಂಡಿತು. ಆಮೇಲೆ ಪರೀಕ್ಷಿಸಿದಾಗ ಅದರಲ್ಲಿ ಮರದ ತಿರುಳು ಧಾರಾಳವಾಗಿ ಬೆರೆತಿದ್ದುದು ತಿಳಿಯಿತು. ಫಾಯ್ ಮಗನನ್ನು ಒಬ್ಬ ಕೆಲಸಗಾರನ ಕೈಗೆ ಕೊಟ್ಟು ಹೊರಗೆ ಕಳಿಸಿ, ತಾನು ಓಡಿದ್ದು ರಂಗದ ಅಂಚಿಗೆ. ಹೆಣ್ಣುವೇಷದಲ್ಲೇ ನಿಂತು, ಗಾಬರಿಯಾಗಬೇಡಿ, ನಿಧಾನವಾಗಿ ಹೊರಡಿ ಎಂದು ಜನರನ್ನು ಬೇಡಿಕೊಂಡ. ವಾದ್ಯದವರಿಗೆ ನುಡಿಸುತ್ತಲೇ ಇರಿ ಎಂದ. ತಲೆಯ ಮೇಲೆ ಉರಿಯುವ ಚೂರುಗಳು ಬೀಳುತ್ತಿದ್ದವು. ಜನರನ್ನು ನಗಿಸುವವನನ್ನು ಹಗುರವಾಗಿ ಕಾಣುವ ನಮ್ಮ ಅಭ್ಯಾಸ ಸರಿಯಲ್ಲ ಎಂದು ಈ ಘಟನೆ ಓದಿದಾಗಲೆಲ್ಲ ನನಗೆ ಅನ್ನಿಸಿದೆ.

ಇಲ್ಲಿಂದ ಮುಂದಿನದು ಸಂವಹನದ ಪಾಠ. ನಟರು ತಪ್ಪಿಸಿಕೊಳ್ಳಲು, ಸೀನರಿ ಸಾಗಿಸುವ ಹಿಂಬದಿಯ ದೊಡ್ಡ ಬಾಗಿಲು ತೆರೆದರು. ಹೊರಗೆ ಶಿಕಾಗೋದ ಕೊರೆಯುವ ಚಳಿ. ತಣ್ಣನೆಯ ಭಾರದ ಗಾಳಿ ಒಳಗೆ ನುಗ್ಗಿತು. ಕಾದ ಗಾಳಿ ಮೇಲೇರಲೇಬೇಕು. ರಂಗದ ಮೇಲಿನ ಚಾವಣಿಯಲ್ಲಿ ಅದಕ್ಕೆಂದೇ ಹೊಗೆಗಂಡಿಗಳಿದ್ದವು. ಆದರೆ ಮುಚ್ಚಿ ಬಿಗಿಯಲಾಗಿತ್ತು. ಅವು ತೆರೆದಿದ್ದರೆ ರಂಗವೇ ಒಂದು ದೊಡ್ಡ ಒಲೆಯಾಗಿ, ಉರಿಯೆಲ್ಲ ಹೊಗೆಗೂಡಿನಲ್ಲಿ ಹೋಗುವಂತೆ ಮೇಲಕ್ಕೆ ಹೋಗುತ್ತಿತ್ತು. ಪ್ರೇಕ್ಷಕರ ಕಡೆಯ ಗಾಳಿಗಂಡಿಗಳು ಮಾತ್ರ ತೆರೆದಿದ್ದವು, ಅದೂ ಬಾಲ್ಕನಿಗಳ ಮೇಲ್ಗಡೆ. ಬೆಂಕಿ ತನಗೆ ದಾರಿ ಇದ್ದ ಕಡೆ ಹೋಯಿತು. ಅರ್ಧ ಇಳಿದ ಪರದೆಯ ಅಡಿಯಿಂದ ಒಂದು ಉರಿಯ ಉಂಡೆ ಹೊರಟು ನೇರ ಬಾಲ್ಕನಿಗೆ ಬಡಿಯಿತು.

ಬಾಗಿಲುಗಳಿಗೇನೂ ಬರವಿರಲಿಲ್ಲ. ಕೆಲವನ್ನು ಅಂದಕ್ಕೆಂದು ತೆರೆಯಿಂದ ಮುಚ್ಚಿದ್ದರು. ಕೆಲವಕ್ಕೆ ಯಾರೂ ಕಂಡಿರದ ಹೊಸ ಬಗೆಯ ಸನ್ನೆ ಚಿಲಕ. ಅಗ್ಗದ ಟಿಕೆಟ್ಟಿನವರು ನಾಟಕ ಶುರುವಾದ ಮೇಲೆ ಕೆಳಗಿನ ಒಳ್ಳೆಯ ಆಸನಗಳಿಗೆ ಜಾರಿಕೊಳ್ಳದಿರಲೆಂದು ಮೆಟ್ಟಿಲುಗಳಿಗೆ ಕಬ್ಬಿಣದ ಗೇಟು, ಗೇಟಿಗೆ ಬೀಗ. ಕೆಲವು ಬಾಗಿಲು ಒಳಕ್ಕೆ ತೆರೆಯುವಂಥವು. ಪಕ್ಕದ ಓಣಿಗೆ ಇಳಿಯಬೇಕಾದ ಹೊರಮೆಟ್ಟಿಲು ಪೂರ್ತಿಯಾಗಿರಲಿಲ್ಲ; ಎದುರು ಕಟ್ಟಡದಲ್ಲಿ ಬಣ್ಣ ಬಳಿಯುತ್ತಿದ್ದವರು ಹಲಗೆ ಚಾಚಿ ಕೆಲವರನ್ನು ದಾಟಿಸಿಕೊಂಡರು. ಸತ್ತವರು ಕನಿಷ್ಠ 602, ಬಹುಪಾಲು ಮೇಲಿನ ಅಂತಸ್ತಿನವರು. ನಟರಲ್ಲಿ ಹೆಚ್ಚಿನವರು ಉಳಿದರು. ತೇಲಿಬರುವ ಕಿನ್ನರಿಯಾಗಿದ್ದ ನೆಲ್ಲಿ ರೀಡ್ ಉಳಿಯಲಿಲ್ಲ. ಬೆಂಕಿ ಅರ್ಧ ಗಂಟೆಯೊಳಗೆ ಆರಿತು.

ಕಟ್ಟಡ ಮಾತ್ರ ನಿಂತಿತ್ತು. ಜಾಹೀರಾತು ಅಷ್ಟರ ಮಟ್ಟಿಗೆ ನಿಜವೇ. ಮುಂದೆ ಅದನ್ನೇ ದುರಸ್ತಿ ಮಾಡಿ ಬಳಸಿದರು; ಕಲೋನಿಯಲ್ ಎಂಬ ಹೊಸ ಹೆಸರೂ ಅದಕ್ಕೆ ಬಂತು. ಮೊಕದ್ದಮೆಗಳು ನಡೆದವು, ಆ ಸಾವುಗಳಿಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಒಳಕ್ಕೆ ತೆರೆಯುವ ಬಾಗಿಲು ಏಕೆ ಅಷ್ಟು ಕೆಟ್ಟದ್ದು? ಒಂದು ಲೆಕ್ಕ ಮಾಡೋಣ. ಬಾಗಿಲಿಗೆ ಹತ್ತು ಜನ ಒತ್ತಿ ನಿಂತಿದ್ದಾರೆ. ಹಿಂದಿನವರ ನೂಕಿನಿಂದ ಒಬ್ಬೊಬ್ಬರೂ 20 ಕಿಲೋ ತೂಕದಷ್ಟು ಬಲ ಹಾಕುತ್ತಿದ್ದಾರೆ ಎನ್ನಿ. ಒಟ್ಟು 200. ಮುಂದಿರುವವನು ಹಿಡಿ ಹಿಡಿದು ತನ್ನೆಡೆಗೆ ಎಳೆಯಬೇಕು. ಅವನ ತೋಳಿನ ಬಲ 40 ಇರಲಿ. ಹಿಡಿ ಕೀಲಿನಿಂದ ದೂರವಿರುವುದರಿಂದ, ಬಾಗಿಲ ನಡುವೆ ಬೀಳುವ ಒತ್ತಡಕ್ಕೆ ಹೋಲಿಸಿದರೆ ಸನ್ನೆಯ ಲಾಭ ಎರಡರಷ್ಟು. ಆಗಲೂ 80 ಆಯಿತು. 200ರ ಎದುರು 80! ಹೆದರಿದ ಜನ ಹೆಚ್ಚಿದಷ್ಟೂ ಬಾಗಿಲು ಭದ್ರವಾಗಿ ಮುಚ್ಚಿಕೊಳ್ಳುತ್ತದೆ. ಹೊರಕ್ಕೆ ತೆರೆಯುವ ಬಾಗಿಲಾದರೆ ಅದೇ 200 ಕಿಲೋ ಬಲ ಅದನ್ನು ತೆರೆದುಕೊಡುತ್ತದೆ. ಬಾಗಿಲು ಅದೇ, ಜನ ಅವರೇ. ಕೀಲು ಕೂಡಿಸಿದ ಬಗೆ ಬೇರೆ, ಅಷ್ಟೇ.

ಇಂಡಿಯಾನಪೊಲಿಸ್‌ನಲ್ಲಿ ಬೀಗ–ಚಿಲಕ ಮಾರುವ ಕಂಪನಿಯಲ್ಲಿದ್ದ ಕಾರ್ಲ್ ಪ್ರಿನ್ಸ್‌ಲರ್ ಎಂಬಾತ ಅಂದು ಆ ನಾಟಕಕ್ಕೆ ಹೋಗಬೇಕಾಗಿದ್ದವನು. ಕೆಲಸ ಬಿದ್ದು ತಪ್ಪಿಸಿಕೊಂಡ. ಚಿಲಕದವನಾದ್ದರಿಂದ ಅವನನ್ನು ಕಾಡಿದ್ದು ಚಿಲಕದ ಪ್ರಶ್ನೆಯೇ. ಹೊರಗಿನವರು ನುಗ್ಗಬಾರದು ಎಂಬ ಮಾಲೀಕನ ಚಿಂತೆಯೂ ಸುಳ್ಳಲ್ಲ, ಒಳಗಿನವರು ಹೊರಬರಲೇಬೇಕು. ಡುಪಾಂಟ್ ಎಂಬ ತಂತ್ರಜ್ಞನೊಡನೆ ಸೇರಿ ಆತ ರೂಪಿಸಿದ ಸಾಧನ 1908ರಲ್ಲಿ ಮಾರುಕಟ್ಟೆಗೆ ಬಂತು. ಬಾಗಿಲಿನ ಒಳಮೈಗೆ ಅಡ್ಡಲಾಗಿ ಸೊಂಟದ ಎತ್ತರಕ್ಕೆ ಒಂದು ಪಟ್ಟಿ. ಹೊರಗಿನಿಂದ ಬೀಗ ಹಾಕಿದ್ದರೂ, ಒಳಗಿನಿಂದ ಆ ಪಟ್ಟಿಗೆ ಮೈ ತಗಲಿದರೆ ಸಾಕು, ಚಿಲಕ ಸರಿದು ಬಾಗಿಲು ಹೊರಕ್ಕೆ ತೆರೆದುಕೊಳ್ಳುತ್ತದೆ. ಕತ್ತಲಲ್ಲಿ ಹಿಡಿ ಹುಡುಕಬೇಕಿಲ್ಲ, ಓದು ಬರಬೇಕಿಲ್ಲ, ಚಿಕ್ಕ ಮಗುವಿಗೂ ಸಾಧ್ಯ. ಮಾಲ್‌ಗಳಲ್ಲಿ, ಹೊಸ ಸಿನಿಮಾ ಮಂದಿರಗಳಲ್ಲಿ ನೀವು ಇದನ್ನು ನೋಡಿರುತ್ತೀರಿ. ‘ಪ್ಯಾನಿಕ್ ಬಾರ್’ ಎನ್ನುತ್ತಾರೆ.

ಇದೆಲ್ಲ ದೂರದ ಊರಿನ ಹಳೆಯ ಕಥೆ ಎಂದುಕೊಳ್ಳಬೇಡಿ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ಸತ್ತವರಲ್ಲಿ ಬಹುಪಾಲು ಮಕ್ಕಳು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಹೊಗೆಯಲ್ಲಿ ಉಸಿರುಕಟ್ಟಿ ಸತ್ತರು. ಅಲ್ಲಿಯೂ ಬಾಲ್ಕನಿ, ಅಲ್ಲಿಯೂ ದಾರಿ ಮುಚ್ಚಿತ್ತು.

ಕೆಲವು ವರ್ಷಗಳ ಹಿಂದೆ ಒಂದು ಊರಿನ ಶಾಲೆಯ ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಹೋಗಿದ್ದೆ. ಬಾಡಿಗೆಯ ಸಭಾಂಗಣ, ಒಳಗೆ ಏಳೆಂಟು ನೂರು ಜನ. ಎರಡೂ ಪಕ್ಕದ ಬಾಗಿಲಿಗೆ ಎಳೆಯುವ ಕಬ್ಬಿಣದ ಗೇಟು, ಗೇಟಿಗೆ ಬೀಗ. ಕೇಳಿದೆ. ‘ಹೊರಗಿನ ಹುಡುಗರು ನುಗ್ತಾರೆ ಸಾರ್.’ ಬೀಗದಕೈ? ‘ವಾಚ್‌ಮನ್ ಹತ್ರ ಇದೆ.’ ವಾಚ್‌ಮನ್? ‘ಊಟಕ್ಕೆ ಹೋಗಿದಾನೆ.’ ಆತ ಬಂದು ಗೇಟು ತೆಗೆಯುವವರೆಗೆ ದೀಪ ಬೆಳಗುವುದಿಲ್ಲ ಎಂದು ಹಟ ಹಿಡಿದೆ. ಕಾರ್ಯಕ್ರಮ ನಲವತ್ತು ನಿಮಿಷ ತಡವಾಯಿತು. ಆ ನಲವತ್ತು ನಿಮಿಷವನ್ನು ನನ್ನ ಭಾಷಣದಲ್ಲಿ ಮುರಿದುಕೊಂಡರು. ಮಕ್ಕಳಿಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಈ ವರ್ಷ ನಿಮ್ಮ ಶಾಲೆಯಲ್ಲಿ ತಾಲೀಮು ನಡೆಯುವಾಗ ಒಂದು ಪ್ರಯೋಗ ಮಾಡಿ. ಟೇಪು ಹಿಡಿದು ಸಭಾಂಗಣದ ಒಂದು ಬಾಗಿಲಿನ ಅಗಲ ಅಳೆಯಿರಿ. ಒಂದು ತರಗತಿಯವರು ನೂಕಾಡದೆ ಅದರಿಂದ ಹೊರನಡೆಯಲಿ; ಇನ್ನೊಬ್ಬರು ಗಡಿಯಾರ ನೋಡಿ, ಒಂದು ನಿಮಿಷಕ್ಕೆ ಎಷ್ಟು ಜನ ದಾಟಿದರೆಂದು ಎಣಿಸಲಿ. ಆಮೇಲೆ ಉತ್ಸವದ ದಿನ ಬರುವ ಒಟ್ಟು ಜನರನ್ನು, ಬೀಗ ಹಾಕದ ಬಾಗಿಲುಗಳ ಸಂಖ್ಯೆಯಿಂದಲೂ ಈ ನಿಮಿಷದ ಲೆಕ್ಕದಿಂದಲೂ ಭಾಗಿಸಿ. ಎಷ್ಟು ನಿಮಿಷ ಬಂತು ಎಂಬುದನ್ನು ಮೊದಲು ಮುಖ್ಯೋಪಾಧ್ಯಾಯರಿಗೆ ತೋರಿಸಿ, ಆಮೇಲೆ ನನಗೂ ಬರೆದು ತಿಳಿಸಿ.