ಬೇಲಿಯೇ ಹೊಲ ಮೇಯುವ ಮುನ್ನ

ಕೈಬೆರಳಿನ ಗೆಣ್ಣುಗಳು ಊದಿ ನೋಯತೊಡಗಿದರೆ ಅದಕ್ಕೆ ನಮ್ಮ ಸೀಮೆಯಲ್ಲಿ ಸಿದ್ಧ ಉತ್ತರಗಳಿವೆ. ರಾಮನಗರ, ಕನಕಪುರಗಳ ರೇಷ್ಮೆ ನೂಲು ಬಿಚ್ಚಾಣಿಕೆಯ ಮನೆಗಳಲ್ಲಿ ಬಿಸಿನೀರನ್ನು ದೂರುತ್ತೇವೆ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಕೆಲಸವನ್ನು, ಮಾಗಡಿಯಲ್ಲಿ ಕಳೆ ಕೀಳುವ ದುಡಿಮೆಯನ್ನು ದೂರುತ್ತೇವೆ. ಉಳಿದುದಕ್ಕೆಲ್ಲ ವಾಯು ಎಂಬ ಹೆಸರಿದೆ. ದುಡಿಮೆಯಿಂದ ನೋವು ಬರುವುದು ನಿಜ. ಆದರೆ ಎಲ್ಲ ನೋವನ್ನೂ ದುಡಿಮೆಯ ತಲೆಗೆ ಕಟ್ಟಿದರೆ ರುಮಟಾಯ್ಡ್ ಸಂಧಿವಾತದಂತಹ ರೋಗವು ಗಮನಕ್ಕೆ ಬಾರದೆ ಬೆಳೆಯುತ್ತದೆ. ಸದ್ಭಕ್ತರು ಇದನ್ನು ಅರಿಯಬೇಕೆಂಬುದು ನಮ್ಮ ಆಶಯ.

ರೋಗಾಣುಗಳನ್ನು ಗುರುತಿಸಲು ನಮ್ಮ ರಕ್ತದಲ್ಲಿ ಪ್ರತಿಕಾಯಗಳೆಂಬ ಪ್ರೋಟೀನುಗಳಿವೆ. ಅವು ರೋಗಾಣುವಿಗೆ ಅಂಟಿಕೊಂಡು ಗುರುತು ಹಾಕುತ್ತವೆ. ಗುರುತು ಬಿದ್ದುದನ್ನು ರಕ್ಷಕ ಕೋಶಗಳು ನುಂಗುತ್ತವೆ. ಈ ವಿವೇಕ ತಪ್ಪಿದಾಗ ದೇಹವು ತನ್ನದೇ ಅಂಗಾಂಶಗಳ ವಿರುದ್ಧ ಪ್ರತಿಕಾಯಗಳನ್ನು ಸೃಷ್ಟಿಸುತ್ತದೆ. ಇವೇ ಸ್ವಪ್ರತಿಕಾಯಗಳು. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಇವು ಮಾಡುವ ಹಾನಿ ಒಂದೇ ಬಗೆಯದಲ್ಲ. ಕೆಲವು ನೇರವಾಗಿ ರಕ್ತಕಣಗಳಿಗೆ ಅಂಟಿಕೊಂಡು ಅವುಗಳ ನಾಶಕ್ಕೆ ಕಾರಣವಾಗುತ್ತವೆ. 1950ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ವೈದ್ಯ ವಿಲಿಯಂ ಹ್ಯಾರಿಂಗ್ಟನ್ ಅವರು, ಪ್ಲೇಟ್‌ಲೆಟ್ ಕುಸಿದಿದ್ದ ರೋಗಿಯ ರಕ್ತವನ್ನು ತಮ್ಮ ದೇಹಕ್ಕೇ ಏರಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್‌ಗಳೂ ಅಪಾಯದ ಮಟ್ಟಕ್ಕೆ ಇಳಿದವು. ರೋಗಕಾರಕ ವಸ್ತುವು ರಕ್ತದಲ್ಲೇ ಹರಿಯುತ್ತಿದೆಯೆಂದು ಹೀಗೆ ತಿಳಿಯಿತು. ಅದು ಪ್ರತಿಕಾಯವೆಂಬುದು ಬಳಿಕ ಖಚಿತವಾಯಿತು. ಲೂಪಸ್ ರೋಗದಲ್ಲಿ ಸ್ವಪ್ರತಿಕಾಯಗಳ ಗಂಟುಗಳು ಮೂತ್ರಪಿಂಡದಲ್ಲಿ ಸಿಲುಕಿ ಉರಿಯೂತವನ್ನು ಎಬ್ಬಿಸುತ್ತವೆ. ರುಮಟಾಯ್ಡ್ ಸಂಧಿವಾತದಲ್ಲಿ ಅವು ಇತರ ನಿರೋಧಕ ಕೋಶಗಳೊಡನೆ ಸೇರಿ ಕೀಲಿನ ಒಳಪೊರೆಯನ್ನು ಕೆರಳಿಸುತ್ತವೆ. ಊದಿದ ಪೊರೆಯು ಮೃದ್ವಸ್ಥಿಯನ್ನೂ ಮೂಳೆಯನ್ನೂ ಸವೆಸುತ್ತದೆ. ಹಾಗೆ ಹಾಳಾದ ಕೀಲು ಮೊದಲಿನಂತಾಗುವುದಿಲ್ಲ.

ಪುರುಷರಿಗಿಂತ ಸ್ತ್ರೀಯರಲ್ಲಿ ಈ ರೋಗ ಎರಡು ಮೂರು ಪಟ್ಟು ಹೆಚ್ಚು. ದುಡಿಮೆಯ ನೋವು ಸಾಮಾನ್ಯವಾಗಿ ವಿಶ್ರಾಂತಿಯಿಂದ ತಗ್ಗುತ್ತದೆ. ಇದು ವಿಶ್ರಾಂತಿಯ ಬಳಿಕವೇ ಬಿಗಿಯುತ್ತದೆ. ಬೆಳಗಿನ ಜಾವ ಎದ್ದಾಗ ಬೆರಳು, ಮಣಿಕಟ್ಟುಗಳು ಬಿಗಿದು ಅರ್ಧ ಗಂಟೆ ಕಳೆದರೂ ಸಡಿಲಗೊಳ್ಳದಿದ್ದರೆ, ಎರಡೂ ಕೈಗಳ ಕೀಲುಗಳು ಊದಿಕೊಂಡಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ರುಮಟಾಯ್ಡ್ ಫ್ಯಾಕ್ಟರ್, ಆಂಟಿ ಸಿಸಿಪಿ ಎಂಬ ರಕ್ತಪರೀಕ್ಷೆಗಳು ಸ್ವಪ್ರತಿಕಾಯಗಳನ್ನು ಪತ್ತೆಹಚ್ಚುತ್ತವೆ. ಅನೇಕರಲ್ಲಿ ಇವು ನೋವು ಕಾಣಿಸುವುದಕ್ಕೆ ವರ್ಷಗಳ ಮೊದಲೇ ಇರುತ್ತವೆ. ಆದರೆ ಪ್ರತಿಕಾಯ ಕಂಡಮಾತ್ರಕ್ಕೆ ರೋಗವೆಂದಲ್ಲ, ಕಾಣದಿದ್ದರೆ ರೋಗವಿಲ್ಲವೆಂದೂ ಅಲ್ಲ. ವೈದ್ಯರು ಕೀಲುಗಳನ್ನು ನೋಡಿಯೇ ನಿರ್ಧರಿಸಬೇಕು.

ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವುದೆಂಬ ಪುಡಿಗಳನ್ನು ಈ ರೋಗಕ್ಕೆ ಕೊಳ್ಳುವುದು ಸರಿಯಲ್ಲ. ಇಲ್ಲಿ ಶಕ್ತಿ ಕುಂದಿಲ್ಲ, ದಿಕ್ಕು ತಪ್ಪಿದೆ. ಹೆಸರು, ವಿವರಗಳಿಲ್ಲದ ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಅದು ನೋವನ್ನು ಮರೆಸಿ ಸಕ್ಕರೆ ಕಾಯಿಲೆಗೆ, ಮೂಳೆಯ ಸವೆತಕ್ಕೆ ದಾರಿ ಮಾಡುತ್ತದೆ. ರೋಗದ ಮೂಲವನ್ನೇ ಹತ್ತಿಕ್ಕುವ ಮೆಥೊಟ್ರೆಕ್ಸೇಟ್‌ನಂತಹ ಔಷಧಗಳು ಇಂದು ಲಭ್ಯವಿವೆ. ಈ ರೋಗಕ್ಕೆ ಅದನ್ನು ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ದಿನನಿತ್ಯ ಸೇವಿಸಿದರೆ ಪ್ರಾಣಾಪಾಯ. ಗರ್ಭಿಣಿಯರು ಸೇವಿಸಕೂಡದು, ಮಗುವನ್ನು ಬಯಸುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಆಗಾಗ್ಗೆ ರಕ್ತಪರೀಕ್ಷೆಯೂ ಅಗತ್ಯ. ನೋವು ತಗ್ಗಿತೆಂದು ತಾವಾಗಿ ನಿಲ್ಲಿಸಬಾರದು.

ನಮ್ಮ ಮನೆಗಳ ಕಾಯಕ ಕೈಗಳ ಮೇಲೆ ನಿಂತಿದೆ. ಬೆಳಗಿನಲ್ಲಿ ಕೈ ಮಡಚಲಾಗುತ್ತಿಲ್ಲ ಎಂದು ಮನೆಯ ಹೆಣ್ಣುಮಗಳು ಹೇಳಿದಾಗ, ಕೆಲಸ ತಪ್ಪಿಸಿಕೊಳ್ಳುವ ನೆಪವೆಂದು ಯಾರೂ ಭಾವಿಸಬಾರದು. ಸುಗ್ಗಿ ಮುಗಿಯಲಿ, ಗೂಡು ಮಾರಾಟವಾಗಲಿ ಎಂದು ಮುಂದೂಡದೆ, ಮನೆಯವರೇ ಜೊತೆಗೂಡಿ ಅವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಕೋರುತ್ತೇವೆ.