ಬೆಟ್ಟ ಯಾರ ಪಾಲಿಗೆ?

ರಜೆ ಬಂದರೆ ಸಮುದ್ರದ ಕಡೆಗೆ ಹೊರಡುವುದು ಉಳ್ಳವರ ವಾಡಿಕೆ. ಗೋಕರ್ಣ, ಮುರ್ಡೇಶ್ವರಗಳಿಗೆ ಹೋಗಿ ದೋಣಿ ಹತ್ತಿ, ಅಲೆಯಲ್ಲಿ ಮಿಂದು ಬರಲು ಎರಡು ಮೂರು ದಿನದ ಬಿಡುವು ಬೇಕು, ಕೈಯಲ್ಲಿ ಕಾಸೂ ಬೇಕು. ಗಿರಣಿಯ ಕೂಲಿಗಾರನಿಗೆ ಇರುವುದು ವಾರಕ್ಕೊಂದು ದಿನ. ಅದೂ ಯಾರೋ ದಯೆಯಿಂದ ಕೊಟ್ಟದ್ದಲ್ಲ. ದುಡಿಯುವ ಜನ ಹೋರಾಡಿ 1948ರ ಕಾರ್ಖಾನೆ ಕಾಯ್ದೆಯಲ್ಲಿ ಬರೆಸಿಕೊಂಡದ್ದು. ಆ ಒಂದು ದಿನವನ್ನು ಹೆಂಡತಿ ಮಕ್ಕಳೊಡನೆ ಬಯಲ ಗಾಳಿಯಲ್ಲಿ ಕಳೆಯುವ ಹಕ್ಕು ಅವನಿಗಿದೆ.

ಅದಕ್ಕೆ ನಮ್ಮ ಸೀಮೆಯಲ್ಲಿ ಏನು ಕಡಮೆ? ಮಧುಗಿರಿಯ ಏಕಶಿಲಾ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರ. ಕೋಟೆಯ ಬಾಗಿಲುಗಳನ್ನು ಒಂದೊಂದಾಗಿ ದಾಟಿ ಹತ್ತಬೇಕು. ಪಾವಗಡದಲ್ಲಿಯೂ ಕೋಟೆಯಿದೆ. ಕೊರಟಗೆರೆಯ ಸಿದ್ಧರ ಬೆಟ್ಟದಲ್ಲಿ ಗವಿಯುಂಟು, ಔಷಧದ ಗಿಡಮೂಲಿಕೆಗಳುಂಟು. ಶಿರಾ ಬಳಿಯ ಕಗ್ಗಲಡುವಿನಲ್ಲಿ ಊರ ನಡುವಣ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅವನ್ನು ಕಾಯುವವರು ಊರಿನ ರೈತರೇ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲು 2007ರಲ್ಲಿ ಕೃಷ್ಣಮೃಗಗಳಿಗೆ ಮೀಸಲಾಯಿತು.

ಈಗ ಪ್ರವಾಸೋದ್ಯಮದ ಹೆಸರಿನಲ್ಲಿ ಮಧುಗಿರಿ ಬೆಟ್ಟಕ್ಕೆ ರೋಪ್‌ವೇ ಹಾಕುವ ಮಾತು ವರ್ಷಗಳಿಂದ ಕೇಳಿಬರುತ್ತಿದೆ. ಹತ್ತಲಾಗದ ಮುದುಕರಿಗೆ ಅನುಕೂಲವಾದರೆ ನಮಗೆ ಸಂತೋಷವೇ. ಆದರೆ ಕಾಲುನಡಿಗೆಯಲ್ಲಿ ಹತ್ತುವವನ ಯೋಗಕ್ಷೇಮ ಮೊದಲಾಗಬೇಕು. ಬೋಳು ಬಂಡೆ, ಕಡಿದಾದ ಇಳಿಜಾರು. ಬೇಸಗೆಯ ಹಗಲಿನಲ್ಲಿ ಕಲ್ಲು ಕಾದ ಹೆಂಚು, ಮಳೆಯಲ್ಲಿ ಕಾಲು ನಿಲ್ಲದು. 2020ರಲ್ಲಿ ಕಾಸರಕೋಡು, ಪಡುಬಿದ್ರಿಗಳ ಕಡಲತೀರಗಳಿಗೆ ‘ನೀಲಿ ಬಾವುಟ’ದ ಮನ್ನಣೆ ದೊರೆಯಿತು. ಶುಚಿಯಾದ ನೀರು, ಶೌಚಾಲಯ, ಜೀವರಕ್ಷಕರು ಇದ್ದರೆ ಮಾತ್ರ ಸಿಗುವ ಮನ್ನಣೆ ಅದು. ಕಡಲಿಗೆ ಬಂದವನ ಜೀವಕ್ಕೆ ಕಾವಲು ಬೇಕೆಂದಾದರೆ ಬೆಟ್ಟಕ್ಕೆ ಬಂದವನ ಜೀವಕ್ಕೆ ಬೇಡವೇ?

ಇನ್ನೊಂದು ಪ್ರಶ್ನೆ ಹೊಟ್ಟೆಪಾಡಿನದು. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ವಿದ್ಯುತ್ ಪಾರ್ಕು ಎದ್ದಿತು. ಭೂಮಿಯಿದ್ದವರಿಗೆ ವರ್ಷಕ್ಕಿಷ್ಟೆಂದು ಗುತ್ತಿಗೆ ಹಣ ಬಂತು. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಭೂಹೀನರಿಗೆ ಇದ್ದ ಕೂಲಿಯೂ ತಪ್ಪಿತು. ಅಭಿವೃದ್ಧಿಯ ಲೆಕ್ಕದಲ್ಲಿ ಕೂಲಿಯವನ ಹೆಸರು ಬರೆಯದೆ ಹೋದರೆ ಆಗುವುದು ಹೀಗೆಯೇ. ಬೆಟ್ಟದ ವಿಷಯದಲ್ಲಿ ಅದು ಮರುಕಳಿಸಬಾರದು. ಬುಡದಲ್ಲಿ ಮಜ್ಜಿಗೆ, ಸೌತೆಕಾಯಿ, ಕಡಲೆಕಾಯಿ ಮಾರುವ ಹೆಂಗಸರನ್ನು ಎಬ್ಬಿಸಿ, ಇಡೀ ಜಾಗವನ್ನು ಒಬ್ಬ ಕಂಟ್ರಾಕ್ಟುದಾರನಿಗೆ ಹರಾಜು ಹಾಕಿದರೆ, ಬಂದವರ ಹಣ ಬಂದ ದಾರಿಯಲ್ಲೇ ಪಟ್ಟಣಕ್ಕೆ ಹಿಂತಿರುಗುತ್ತದೆ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಬೆಟ್ಟಗಳ ಬುಡದಲ್ಲಿ ಕುಡಿಯುವ ನೀರು, ಶೌಚಾಲಯ. ಅಪಾಯದ ಇಳಿಜಾರಿನಲ್ಲಿ ಗಟ್ಟಿ ಕಂಬಿ. ಸ್ಥಳೀಯ ಯುವಕ ಯುವತಿಯರಿಗೆ ತರಬೇತಿ ಕೊಟ್ಟು, ದಿನಗೂಲಿಯ ಹಂಗಿಲ್ಲದ ಸಂಬಳದ ಮೇಲೆ ಮಾರ್ಗದರ್ಶಕರಾಗಿ ನೇಮಿಸಬೇಕು. ಸಣ್ಣ ವ್ಯಾಪಾರಿಗಳಿಗೆ ಅಲ್ಪ ಬಾಡಿಗೆಯ ಮಳಿಗೆಗಳು ಬೇಕು. ಭಾನುವಾರ ಬೆಳಗಿನ ಜಾವ ನಾಲ್ಕು ತಾಲ್ಲೂಕು ಕೇಂದ್ರಗಳನ್ನೂ ಸುತ್ತುವ ಸರ್ಕಾರಿ ಬಸ್ಸು ಬೇಕು. ಏನೇ ಶುಲ್ಕ ಹಾಕಿದರೂ ಕೂಲಿಗಾರನ ಸಂಸಾರ ಬಾಗಿಲಲ್ಲೇ ಹಿಂತಿರುಗುವಂತಿರಬಾರದು.

ಇದಕ್ಕೆ ಬೇಕಾಗುವ ಹಣ ರೋಪ್‌ವೇಯ ವೆಚ್ಚದ ಮುಂದೆ ಅಲ್ಪ. ಬೇಕಾಗಿರುವುದು ಆಳುವವರ ಮನಸ್ಸು. ಆ ಮನಸ್ಸು ತಾನಾಗಿ ಬರುವುದಿಲ್ಲ. ಸಂಘದ ಸಭೆಗಳಲ್ಲಿ, ಅಂಗಡಿ ಬೀದಿಗಳಲ್ಲಿ, ಗ್ರಾಮಸಭೆಗಳಲ್ಲಿ ವಾಚಕರು ಈ ಮಾತನ್ನು ಎತ್ತಬೇಕು. ಠರಾವು ಮಾಡಿ ಶಾಸಕರ ಕೈಗೆ ಕೊಡಬೇಕು. ಕೇಳದವನ ಪಾಲು ಕೇಳಿದವನಿಗೆ ಎಂಬುದು ಇಂದಿನ ರಾಜ್ಯದ ರೀತಿ.