ಏಳು ಗಂಟೆಗೆ ಬಾಗಿಲು ತೆರೆಯುವ ಬೈಕಂಗಡಿ ಬೇಕು

ಕ್ಲಚ್ ಕೇಬಲ್ ಅಂದ್ರೆ ಎಷ್ಟು ದೊಡ್ಡ ವಸ್ತು? ಸುತ್ತಿದರೆ ಅಂಗೈಯಲ್ಲಿ ಹಿಡಿಸುತ್ತದೆ. ಬೆಲೆ ನೂರೈವತ್ತು ರೂಪಾಯಿ ಆಸುಪಾಸು. ಇದೊಂದು ಸಿಗದೆ 2024ರ ಜುಲೈಯಲ್ಲಿ ನನ್ನ ತೋಟದ ಎರಡನೇ ಮದ್ದು ಹನ್ನೊಂದು ದಿನ ತಡವಾಯಿತು.

ಅದು ಶನಿವಾರ. ಐದು ದಿನ ಬಿಡದೆ ಹೊಯ್ದ ಮಳೆ ಮಧ್ಯಾಹ್ನದ ಹೊತ್ತಿಗೆ ನಿಂತು ಬಿಸಿಲು ಬಿದ್ದಿತ್ತು. ನಾಳೆ ಬೋರ್ಡೋ ಬಿಡೋಣ ಎಂದು ಮೈಲುತುತ್ತು ನೆನೆಹಾಕಿ, ಸಂಜೆ ಹಾಲು ಕೊಡಲು ಹೋದೆ. ಸೊಸೈಟಿಯಿಂದ ವಾಪಸು ಬರುವಾಗ ಏರಿನಲ್ಲಿ ಟಕ್ ಅಂತ ಕೇಬಲ್ ಕಡಿಯಿತು. ಬೈಕು ನೂಕಿಕೊಂಡು ಮನೆ ಸೇರುವಾಗ ಏಳೂಕಾಲು. ಪೇಟೆಯ ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಫೋನು ಮಾಡಿದೆ. 'ಈಗಷ್ಟೇ ಬಾಗಿಲು ಹಾಕಿದ್ದು. ನಾಳೆ ಆದಿತ್ಯವಾರ ಅಲ್ವಾ, ಸೋಮವಾರ ಒಂಬತ್ತೂವರೆಗೆ ಬನ್ನಿ' ಅಂದರು.

ನಮಗೆ ಮದ್ದು ಬಿಡುವವರ ಮನೆ ಇರುವುದು ಹೊಳೆಯಾಚೆ. ಕಾಲುಸಂಕದ ಮೇಲೆ ಬೈಕು ಮಾತ್ರ ದಾಟುತ್ತದೆ, ರಿಕ್ಷಾ ಹೋಗುವುದಿಲ್ಲ. ಅವರಿಗೆ ಸ್ವಂತ ವಾಹನ ಇಲ್ಲ, ಬೆಳಗ್ಗೆ ಆರೂವರೆಗೆ ನಾನೇ ಹೋಗಿ ಕರೆತರುವುದು ರೂಢಿ. ಫೋನು ಮಾಡಿದರೆ 'ವ್ಯಾಪ್ತಿ ಪ್ರದೇಶದ ಹೊರಗೆ'. ಬೆಳಗ್ಗೆ ನಡೆದುಕೊಂಡೇ ಹೋದೆ. ಮುಟ್ಟುವಾಗ ಎಂಟು ಗಂಟೆ. ಅಷ್ಟರಲ್ಲಿ ಬೇರೆ ತೋಟದವರು ಬಂದು ಕರಕೊಂಡು ಹೋಗಿ ಆಗಿತ್ತು. ಬಿಸಿಲು ಕಂಡ ದಿನ ಮದ್ದು ಬಿಡುವವರು ಯಾರಿಗಾಗಿಯೂ ಕಾಯುವುದಿಲ್ಲ, ಕಾಯಬೇಕಾಗಿಯೂ ಇಲ್ಲ. ಸೋಮವಾರದಿಂದ ಪುನಃ ಮಳೆ.

ಬೋರ್ಡೋವನ್ನು ನಲ್ವತ್ತು ನಲ್ವತ್ತೈದು ದಿನಕ್ಕೊಮ್ಮೆ ಕೊಡಬೇಕು ಎಂದು ನಮಗೆಲ್ಲ ಗೊತ್ತು. ಆ ಲೆಕ್ಕ ತಪ್ಪಿ ಮೇಲೆ ಹನ್ನೊಂದು ದಿನ ಮಳೆ ಹೊಯ್ದರೆ ಮರದ ಬುಡದಲ್ಲಿ ಏನು ಕಾಣುತ್ತದೆಂದು ಅಡಿಕೆ ಬೆಳೆಯುವವರಿಗೆ ವಿವರಿಸಬೇಕಾಗಿಲ್ಲ. ಉದುರಿದ ಕಾಯಿಯನ್ನು ನಾನು ಲೆಕ್ಕ ಮಾಡಲಿಲ್ಲ. ಮಾಡುವ ಮನಸ್ಸಾಗಲಿಲ್ಲ.

ಆ ಶನಿವಾರ ರಾತ್ರಿ ಇನ್ನೊಂದು ಕೆಲಸ ಮಾಡಿದ್ದೆ. ಊಟ ಆದ ಮೇಲೆ ಮಗಳು ಮೊಬೈಲಿನಲ್ಲಿ ಹುಡುಕಿ ಕ್ಲಚ್ ಕೇಬಲ್ ಆರ್ಡರ್ ಮಾಡಿದಳು. ಗಂಟೆ ಹತ್ತು. ಅಷ್ಟು ಹೊತ್ತಿಗೂ ಆ ಅಂಗಡಿಗೆ ಬಾಗಿಲು ಹಾಕಿರಲಿಲ್ಲ! ಒಂದರ ಬದಲು ಎರಡು ತರಿಸಿದೆವು, ಒಂದು ಮನೆಯಲ್ಲಿರಲಿ ಅಂತ. ಸೋಮವಾರ ಪೇಟೆಗೆ ಬಸ್ಸಲ್ಲಿ ಹೋಗಿ ಅಂಗಡಿಯಿಂದಲೂ ಒಂದು ತಂದು ಹಾಕಿಸಿಕೊಂಡೆ, ಬೈಕು ಓಡಬೇಕಲ್ಲ. ಆನ್‌ಲೈನಿನದ್ದು ಬಂದದ್ದು ಬುಧವಾರ. ಕೊಡುವ ಹುಡುಗ ಫೋನು ಮಾಡಿ 'ನಿಮ್ಮ ರಸ್ತೆಗೆ ಇಳಿಯಲಿಕ್ಕಾಗುವುದಿಲ್ಲ, ಟಾರು ರಸ್ತೆಗೆ ಬನ್ನಿ' ಅಂದ. ಒಂದೂವರೆ ಕಿಲೋಮೀಟರು ಹೋಗಿ ತಂದೆ. ಮನೆಬಾಗಿಲಿಗೆ ಬರುತ್ತದೆ ಅಂತ ಜಾಹೀರಾತಿನಲ್ಲಿ ಹೇಳುವ ಬಾಗಿಲು ನಮ್ಮದಲ್ಲ.

ಹಾಗಾಗಿ ಆ ಸಲ ಆನ್‌ಲೈನಿನಿಂದ ನನಗೇನೂ ಉಪಕಾರ ಆಗಲಿಲ್ಲ. ಆದರೂ ಅವತ್ತಿನಿಂದ ಮನೆಯಲ್ಲಿ ಮೊದಲು ಹುಡುಕುವುದು ಮೊಬೈಲಿನಲ್ಲಿ. ಟಯರು, ಟ್ಯೂಬು, ಬ್ಯಾಟರಿ ಎಲ್ಲಾ. ಯಾಕೆ ಅಂತ ಯೋಚಿಸಿದರೆ ಉತ್ತರ ಸರಳ. ನಮಗೆ ಪುರುಸೊತ್ತು ಇರುವ ಹೊತ್ತಿಗೆ ತೆರೆದಿರುವ ಅಂಗಡಿ ಅದೊಂದೇ.

ಸಣ್ಣ ಕೃಷಿಕರ ದಿನ ಹೇಗಿದೆ ನೋಡಿ. ಐದಕ್ಕೆ ಹಟ್ಟಿ. ಆರೂವರೆಯಿಂದ ಏಳೂವರೆಯೊಳಗೆ ಹಾಲು ಕೊಟ್ಟು ಆಗಬೇಕು. ಎಂಟಕ್ಕೆ ಕೆಲಸದವರು. ಅವರನ್ನು ತೋಟದಲ್ಲಿ ಬಿಟ್ಟು ಒಂದು ಬ್ರೇಕ್ ಶೂ ತರಲು ಹದಿನಾಲ್ಕು ಕಿಲೋಮೀಟರು ಪೇಟೆಗೆ ಹೋಗುವುದೆಂದರೆ ಅರ್ಧ ದಿನ ಹೋಯಿತು. ಐದರ ಮೇಲೆ ಪುನಃ ಹಟ್ಟಿ, ಹಾಲು. ಪೇಟೆಯ ಅಂಗಡಿ ತೆರೆಯುವುದು ಒಂಬತ್ತೂವರೆಗೆ, ಮಧ್ಯಾಹ್ನ ಒಂದರಿಂದ ಎರಡೂವರೆ ಊಟ, ಏಳಕ್ಕೆ ಬಂದ್, ಆದಿತ್ಯವಾರ ಪೂರ್ತಿ ರಜೆ. ಈ ಸಮಯ ಯಾರಿಗಾಗಿ ಮಾಡಿದ್ದು? ಆಫೀಸಿಗೆ ಹೋಗುವವರಿಗೂ ಆಗದು, ನಮಗೂ ಆಗದು. ಹಿಂದಿನವರು ಮಾಡಿಟ್ಟದ್ದು, ಹಾಗೇ ನಡೆದುಕೊಂಡು ಬಂತು ಅಷ್ಟೆ.

ಹಾಲಿನ ಸೊಸೈಟಿಯನ್ನು ನೋಡಿ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ತೆರೆಯುತ್ತದೆ. ಇಡೀ ದಿನ ತೆರೆದಿಡುವ ಗೋಜೇ ಇಲ್ಲ. ಆದರೂ ಊರವರೆಲ್ಲ ಅಲ್ಲಿಗೆ ಬರುತ್ತಾರೆ, ಪಶು ಆಹಾರ ಒಯ್ಯುತ್ತಾರೆ. ಯಾಕೆಂದರೆ ಅದರ ಗಡಿಯಾರವನ್ನು ಹಟ್ಟಿಯ ಗಡಿಯಾರ ನೋಡಿ ಇಟ್ಟದ್ದು.

ಅಂಗಡಿಯವರನ್ನು ಮಾತ್ರ ದೂರಿ ಮುಗಿಸಿದರೆ ನನ್ನದೂ ಒಂದು ತಪ್ಪು ಮುಚ್ಚಿಟ್ಟ ಹಾಗಾಗುತ್ತದೆ. ಕೇಬಲ್ ಕಡಿದ ಮರುವರ್ಷ ಚೈನ್ ಸ್ಪ್ರಾಕೆಟ್ ಹೋಯಿತು. ಹಳೆಯ ಚೈನು ಬಿಚ್ಚಿ ಅದೇ ಅಂಗಡಿಗೆ ಒಯ್ದೆ. ಅಂಗಡಿಯವರು ಕನ್ನಡಕ ಏರಿಸಿ, ಹಿಂದಿನ ಚಕ್ರದ ಹಲ್ಲು ಎಣಿಸಿದರು, ಚೈನಿನ ಕೊಂಡಿ ಎಣಿಸಿದರು. 'ಇದಕ್ಕೆ ಹೊಸ ಮಾಡೆಲಿಂದು ಕೂರುದಿಲ್ಲ, ಈ ನಂಬ್ರದ್ದೇ ಆಗ್ಬೇಕು' ಅಂತ ಒಂದು ಪೆಟ್ಟಿಗೆ ತೆಗೆದು ತೋರಿಸಿದರು. ಹತ್ತು ನಿಮಿಷದ ಕೆಲಸ. ನಾನು ಪೆಟ್ಟಿಗೆಯ ಮೇಲಿದ್ದ ನಂಬ್ರದ ಫೋಟೋ ತೆಗೆದು, 'ನಾಳೆ ಬರ್ತೇನೆ' ಅಂದು ಬಂದೆ. ರಾತ್ರಿ ಅದೇ ನಂಬ್ರ ಹಾಕಿ ಮೊಬೈಲಿನಲ್ಲಿ ತರಿಸಿದೆ. ಇನ್ನೂರ ಅರುವತ್ತು ರೂಪಾಯಿ ಉಳಿಯಿತು. ನಾಲ್ಕನೇ ದಿನ ಬಂತು, ಸರಿಯಾಗಿ ಕೂತಿತು.

ಸರಿಯಾಗಿ ಕೂತದ್ದು ಯಾರ ಲೆಕ್ಕದಿಂದ? ಹಲ್ಲು ಎಣಿಸಿದವರಿಗೆ ಏನು ಸಿಕ್ಕಿತು? ನಮ್ಮ ಅಡಿಕೆಯನ್ನು ವ್ಯಾಪಾರಿ ಬಂದು ಮೂಸಿ, ಒಡೆದು, ಮಾದರಿ ಒಯ್ದು, ಕೊನೆಗೆ ಬೇರೆಯವರಲ್ಲಿ ತೆಗೆದುಕೊಂಡರೆ ನಾವು ಏನೆಲ್ಲ ಹೇಳ್ತೇವೆ! ಆ ಅಂಗಡಿಯ ಎದುರು ಬೈಕು ನಿಲ್ಲಿಸಲು ಆ ಮೇಲೆ ಎರಡು ತಿಂಗಳು ನನಗೆ ಕಷ್ಟವಾಯಿತು.

ಈ ಎಣಿಸುವ ವಿದ್ಯೆ ಸಣ್ಣದಲ್ಲ. ಹೆಸರು ಒಂದೇ ಇದ್ದರೂ ಒಳಗೆ ಬೈಕು ಬದಲಾಗುತ್ತಲೇ ಇದೆ. 2019ರ ಏಪ್ರಿಲಿನಿಂದ ನೂರಿಪ್ಪತ್ತೈದು ಸಿಸಿವರೆಗಿನ ಗಾಡಿಗಳಿಗೆ ಹಿಂದೆ ಮುಂದೆ ಎರಡೂ ಒಟ್ಟಿಗೆ ಹಿಡಿಯುವ ಬ್ರೇಕು ಕಡ್ಡಾಯವಾಯಿತು. 2020ರ ಏಪ್ರಿಲಿನಿಂದ ಬಿಎಸ್-6 ಬಂತು, ಹೆಚ್ಚಿನ ಬೈಕುಗಳಲ್ಲಿ ಕಾರ್ಬುರೇಟರು ಹೋಗಿ ಇಂಜೆಕ್ಷನ್ ಆಯಿತು. ನೆರೆಮನೆಯವರು ತಮ್ಮ ಹೊಸ ಬೈಕಿಗೆ ಹೆಸರು ಮಾತ್ರ ನೋಡಿ ಬ್ರೇಕ್ ಕೇಬಲ್ ತರಿಸಿ, ಹೊಂದದೆ ವಾಪಸು ಕಳಿಸಲು ಪಟ್ಟ ಪಾಡು ನಾನು ನೋಡಿದ್ದೇನೆ. ಹಣ ವಾಪಸು ಬಂತು, ಸುಳ್ಳು ಹೇಳಬಾರದು. ಆದರೆ ಎರಡು ವಾರ ಬೈಕು ಮಾಡಿನಡಿ ನಿಂತಿತು.

ಅಂಗಡಿಯಲ್ಲಾದರೆ ಹಳೆಯದನ್ನು ಮೇಜಿನ ಮೇಲಿಟ್ಟರೆ ಸಾಕು. ಹೊಂದದಿದ್ದರೆ ಮರುದಿನ ಬದಲು. ಅಡಿಕೆ ಮಾರಿದ ಮೇಲೆ ಕೊಡ್ತೇನೆ ಅಂದರೂ ಪುಸ್ತಕದಲ್ಲಿ ಬರಕೊಳ್ಳುತ್ತಾರೆ. ಮೊಬೈಲಿನಲ್ಲಿಯೂ ಈಗ ಕಂತು ಇದೆ ಅನ್ನಬಹುದು. ಆ ಕಂತಿಗೆ ಕೊಳೆರೋಗ ಬಂದದ್ದು ಗೊತ್ತಾಗುವುದಿಲ್ಲ.

ಬೆಲೆಯ ಮಾತು ಇಷ್ಟಕ್ಕೇ ಬಿಡುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದದ್ದು ಎಲ್ಲರಿಗೂ ಒಂದೇ. ಆನ್‌ಲೈನಿನಲ್ಲಿ ಕಡಿಮೆಗೆ ಸಿಗುವುದು ನಿಜ, ಆದರೆ ನಾನು ಕೇಳಿದ ಹತ್ತು ಮಂದಿಯಲ್ಲಿ ಹೆಚ್ಚಿನವರು ಮೊದಲು ಹೇಳಿದ್ದು ಬೆಲೆಯನ್ನಲ್ಲ, 'ಪೇಟೆಗೆ ಹೋಗ್ಲಿಕ್ಕೆ ಯಾರಿಗೆ ಪುರುಸೊತ್ತುಂಟು?' ಅಂತ.

ಇನ್ನೊಂದು ವಿಷಯ ಬಿಲ್ಲು ಓದಿದಾಗ ಗೊತ್ತಾಯಿತು. ನನ್ನ ಕೇಬಲ್ ಕಳಿಸಿದ್ದು ಆ ದೊಡ್ಡ ಕಂಪೆನಿ ಅಲ್ಲ, ದೆಹಲಿಯ ಒಂದು ಅಂಗಡಿ. ವಿದೇಶಿ ಬಂಡವಾಳದ ಇಂಥ ಕಂಪೆನಿಗಳು ಸ್ವಂತ ಸರಕು ಇಟ್ಟು ಮಾರುವಂತಿಲ್ಲ, ಬೇರೆ ಮಾರಾಟಗಾರರಿಗೆ ಜಾಗ ಮಾತ್ರ ಕೊಡಬಹುದು ಎಂಬುದು ಸರಕಾರದ ನಿಯಮ. ಮಾರುವವರು ಯಾರು ಎಂದು ತೋರಿಸಬೇಕೆಂಬುದು 2020ರ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮದಲ್ಲಿದೆ. ಅಂದರೆ ಎರಡು ಸಾವಿರ ಕಿಲೋಮೀಟರು ದೂರದ ಒಂದು ಅಂಗಡಿ ನನಗೆ ಕೇಬಲ್ ಮಾರಿತು, ಹದಿನಾಲ್ಕು ಕಿಲೋಮೀಟರು ದೂರದ ಅಂಗಡಿಗೆ ಮಾರಲಿಕ್ಕಾಗಲಿಲ್ಲ.

ನಿಜವಾಗಿ ಮನೆಗೆ ತಲುಪಿಸುವ ವ್ಯವಸ್ಥೆ ನಮ್ಮ ಕಡೆ ಹೊಸತೇ ಅಲ್ಲ. ಎಸ್‌ಟಿಡಿ ಬೂತಿನ ಕಾಲದಲ್ಲಿ ಪಂಪಿನ ವಾಷರು, ಬೈಕಿನ ಪ್ಲಗ್ಗು ಬೇಕಾದರೆ ಪೇಟೆಗೆ ಫೋನು ಮಾಡಿದರಾಯಿತು. 'ನಾಲ್ಕೂವರೆ ಬಸ್ಸಲ್ಲಿ ಕಳಿಸ್ತೇನೆ' ಅನ್ನುತ್ತಿದ್ದರು. ಕಾಗದದಲ್ಲಿ ಸುತ್ತಿ, ಮೇಲೆ ಮನೆ ಹೆಸರು ಬರೆದು, ಡ್ರೈವರ ಪಕ್ಕ ಇಟ್ಟ ಕಟ್ಟು ನಮ್ಮ ಸ್ಟಾಪಿನಲ್ಲಿ ಇಳಿಯುತ್ತಿತ್ತು. ಬಸ್ಸಿಲ್ಲದಲ್ಲಿಗೆ ಸರ್ವಿಸ್ ಜೀಪು. ದುಡ್ಡು ಮುಂದಿನ ಸಲ ಪೇಟೆಗೆ ಹೋದಾಗ. ಒಟಿಪಿ ಇಲ್ಲ, ನಕ್ಷೆ ಇಲ್ಲ, ಒಂದು ಕಟ್ಟೂ ಕಾಣೆಯಾದ ನೆನಪು ನನಗಿಲ್ಲ. ಎಲ್ಲರ ಹತ್ರ ಬೈಕು ಬಂದ ಮೇಲೆ 'ನೀವೇ ಬರಬಹುದಲ್ಲ' ಅಂತಾಯಿತು, ಬಸ್ಸಿನ ಕಟ್ಟು ನಿಂತಿತು. ಬೈಕೇ ಹಾಳಾದವ ಹೇಗೆ ಬರುವುದು ಅಂತ ಯಾರೂ ಕೇಳಲಿಲ್ಲ.

ಇದನ್ನೆಲ್ಲ ಕೊನೆಗೆ ಅಂಗಡಿಯವರ ಹತ್ತಿರವೇ ಮಾತಾಡಿದೆ. ಚೈನಿನ ಫೋಟೋ ವಿಷಯ ಮೊದಲು ಹೇಳಿಬಿಟ್ಟೆ. ಅವರು ನಕ್ಕು 'ನೀವೊಬ್ರೇ ಅಲ್ಲ ಮಾರಾಯ್ರೆ, ವಾರಕ್ಕೆ ನಾಲ್ಕು ಮಂದಿ ಫೋಟೋ ಹೊಡಿತಾರೆ' ಅಂದರು. ಸಮಯದ ಮಾತು ಬಂದಾಗ ಮಾತ್ರ ನಗಲಿಲ್ಲ. ಅಂಗಡಿಯಲ್ಲಿರುವುದು ಅವರು ಮತ್ತು ಒಬ್ಬ ಹುಡುಗ. ಹುಡುಗನಿಗೆ ವಾರಕ್ಕೊಂದು ರಜೆ ಕೊಡಬೇಕು, ಅದು ಕಾನೂನು, ಕೊಡಬೇಕಾದ್ದೇ. ಅವರಿಗೂ ಮನೆ, ಮದುವೆ ಮುಂಜಿ ಎಲ್ಲ ಆದಿತ್ಯವಾರವೇ. 'ನಿಮ್ಗೆ ಮೊಬೈಲು ರಾತ್ರಿ ಹತ್ತಕ್ಕೆ ತೆರೆದಿರ್ತದೆ. ಅದ್ರ ಹಿಂದೆ ಎಷ್ಟು ಹುಡುಗ್ರು ನಿದ್ದೆಗೆಟ್ಟು ಕಟ್ಟು ಕಟ್ತಾರೆ ಅಂತ ನಿಮ್ಗೆ ಕಾಣುದಿಲ್ಲ. ನಾನು ನಿದ್ದೆಗೆಟ್ರೆ ಕಾಣ್ತದೆ' ಅಂದರು. ಉತ್ತರ ನನ್ನಲ್ಲಿರಲಿಲ್ಲ.

ನಾನು ಕೇಳುವುದು ಇಡೀ ದಿನ ತೆರೆಯಿರಿ ಎಂದಲ್ಲ, ಹೊತ್ತು ಬದಲಿಸಿ ಎಂದು. ಬೆಳಗ್ಗೆ ಏಳರಿಂದ ಹನ್ನೆರಡು, ಮತ್ತೆ ಮೂರೂವರೆಯಿಂದ ಏಳೂವರೆ ಅಂದರೆ ಒಟ್ಟು ಒಂಬತ್ತೇ ಗಂಟೆ. ಗಿರಾಕಿ ಇಲ್ಲದ ಮಧ್ಯಾಹ್ನ ಮಲಗಲಿ. ಪೇಟೆಯಲ್ಲಿ ಇಂಥ ಅಂಗಡಿ ಮೂರಿವೆ, ಮೂವರೂ ಆದಿತ್ಯವಾರವೇ ಮುಚ್ಚಬೇಕೆಂದು ಎಲ್ಲಿದೆ? ಒಬ್ಬರು ಬುಧವಾರ ರಜೆ ಮಾಡಿದರೆ ಆದಿತ್ಯವಾರದ ವ್ಯಾಪಾರ ಪೂರ್ತಿ ಅವರಿಗೇ. ಕನಿಷ್ಠ ಮಳೆಗಾಲದ ನಾಲ್ಕು ತಿಂಗಳಾದರೂ ಹೀಗೆ ಮಾಡಿ ನೋಡಲಿ.

ಅವರು ಸಮಯ ಬದಲಿಸಲು ಒಪ್ಪಿಲ್ಲ. ಇನ್ನೊಂದಕ್ಕೆ ಒಪ್ಪಿದ್ದಾರೆ. ಬೈಕಿನಲ್ಲಿ ಹಠಾತ್ತಾಗಿ ಕೈಕೊಡುವ ಸಾಮಾನು ಹೆಚ್ಚಿಲ್ಲ. ಕ್ಲಚ್ ಕೇಬಲ್, ಎಕ್ಸಿಲೇಟರ್ ಕೇಬಲ್, ಪ್ಲಗ್ಗು, ಟ್ಯೂಬು, ಚೈನಿನ ಲಾಕು, ಹೆಡ್‌ಲೈಟಿನ ಬಲ್ಬು, ಫ್ಯೂಸು. ನಮ್ಮ ಊರಲ್ಲಿ ಹೆಚ್ಚು ಓಡುವ ಮೂರ್ನಾಲ್ಕು ಜಾತಿಯ ಬೈಕಿನದ್ದು ಎರಡೆರಡು ಇಟ್ಟರೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಿಡಿಸುತ್ತದೆ, ಟ್ಯೂಬು ಮಾತ್ರ ಹೊರಗೆ ನೇತು ಹಾಕಬೇಕು. ಆ ಡಬ್ಬಿಯನ್ನು ಸೊಸೈಟಿಯ ಪಕ್ಕದ, ಬೆಳಗ್ಗೆ ಆರಕ್ಕೇ ತೆರೆಯುವ ಜೀನಸಿನ ಅಂಗಡಿಯಲ್ಲಿ ಇಡುವುದು. ಮುಗಿದದ್ದನ್ನು ತಿಂಗಳಿಗೊಮ್ಮೆ ತುಂಬಿಸುವುದು. ಪೊಟ್ಟಣದ ಮೇಲೆ ಮುದ್ರಿಸಿದ ಬೆಲೆಯೇ ಬೆಲೆ, ಅದರಲ್ಲಿ ಜೀನಸಿನವರಿಗೂ ಒಂದು ಪಾಲು. ರಿಯಾಯಿತಿ ಕೇಳಬಾರದು ಅಂತ ನಾವು ಎಂಟು ಮಂದಿ ಮಾತಾಡಿಕೊಂಡಿದ್ದೇವೆ. ಅರ್ಧ ದಿನದ ಕೆಲಸ ಉಳಿಯುವಾಗ ಇಪ್ಪತ್ತು ರೂಪಾಯಿಗೆ ಚೌಕಾಸಿ ಯಾಕೆ?

ತಕರಾರು ಬಂದದ್ದು ಬೇರೆ ಕಡೆಯಿಂದ. ಮಳೆಗಾಲದಲ್ಲಿ ಕೇಬಲ್ ಡಬ್ಬಿಯೊಳಗೇ ತುಕ್ಕು ಹಿಡಿದರೆ ನಷ್ಟ ಯಾರದ್ದು ಅಂತ ಜೀನಸಿನವರು ಕೇಳಿದ್ದಾರೆ. ಅರ್ಧ ಅಂಗಡಿಯವರದ್ದು, ಅರ್ಧ ನಮ್ಮ ಎಂಟು ಮಂದಿಯದ್ದು ಅಂತ ನಾನು ಹೇಳಿದ್ದೇನೆ. ಉಳಿದ ಏಳು ಮಂದಿಯಲ್ಲಿ ಇಬ್ಬರು ಇನ್ನೂ ಹೂಂ ಅಂದಿಲ್ಲ. ಮೊದಲ ಮದ್ದಿನ ಮೊದಲು ಇತ್ಯರ್ಥ ಆಗಬೇಕು.